ಕಿಟಕಿ ಕಡೆಯ ಸಂದು

ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಮಾಡಿ ಎರಡು ವರ್ಷ ಎಂಟು ತಿಂಗಳಾಗಿತ್ತು.

ಮೇಜೇನೋ ಇತ್ತು. ನಡುಕೋಣೆಯ ಮುಕ್ಕಾಲು ಭಾಗ ಅದರದ್ದೇ. ಅಡುಗೆಮನೆಗೆ ಹೋಗುವವರು ಹೊಟ್ಟೆ ಒಳಗೆಳೆದುಕೊಂಡು ಗೋಡೆ ಸವರಿಕೊಂಡು ದಾಟಬೇಕು. ಬಡಗಿ ಕೆಲಸ ಮಾಡಿಕೊಂಡಿದ್ದ ಅಜ್ಜ, ಕೆಡವಿದ ಕಟ್ಟಡವೊಂದರ ಎರಡು ಬಾಗಿಲುಗಳನ್ನು ತಂದು, ಉದ್ದಕ್ಕೆ ಪಕ್ಕಪಕ್ಕ ಜೋಡಿಸಿ, ಮಗನ ಮದುವೆಯ ವರ್ಷ ಅದನ್ನು ಮಾಡಿದ್ದ. ವರ್ಷ ಕಳೆದಂತೆ ಮರ ಒಣಗಿ ಜೋಡಿಸಿದ ಜಾಗ ಬಾಯಿ ಬಿಟ್ಟಿತು. ಈಗ ಮೇಜಿನ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಸಂದು. ಗೋಡೆಯ ಕಡೆ ಬೆಂಕಿಕಡ್ಡಿ ಹಿಡಿಯುವಷ್ಟು, ಕಿಟಕಿಯ ಕಡೆ ಕಿರುಬೆರಳು ಹಿಡಿಯುವಷ್ಟು.

ರೋಗ ಬಂದ ವರ್ಷ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಮೊಮ್ಮಗಳು ಟೇಬಲ್ ಟೆನಿಸ್ ಕಲಿಯುತ್ತಿದ್ದ ಆಟದ ಹಾಲ್ ಕೂಡ ಮುಚ್ಚಿತು. ಹುಡುಗಿಗೆ ಆಗ ಹನ್ನೊಂದು. ಎಷ್ಟು ಉಣಿಸಿದರೂ ಮೈ ಹಿಡಿಯದೆ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಕಡ್ಡಿಯ ಅಮ್ಮನಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ರೋಗಿಗಳ ಹೊದಿಕೆ, ಹಾಸಿಗೆ ಬಟ್ಟೆ ಎಲ್ಲ ಅವಳ ಕೈಯ ಮೇಲೆಯೇ ಹಾದುಹೋಗಬೇಕು. ಮನೆಗೆ ಬಂದವಳು ಸ್ನಾನ ಮಾಡಿ, ನೀಲಿ ಅಂಚಿನ ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದಳು. "ನನ್ನ ಹತ್ರ ಯಾರೂ ಬರಬೇಡಿ" ಎನ್ನುವುದೇ ಅವಳ ದಿನದ ಮಾತು. ಅವಳಿಲ್ಲದೆ ಮೇಜಿಗೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬರು ಮಂಚದ ಮೇಲೆ, ಒಬ್ಬರು ಹೊಸ್ತಿಲ ಬಳಿ, ಹೀಗೆ ತಟ್ಟೆಗಳು ಚದುರಿಹೋದವು. ಮೇಜು ಖಾಲಿ ಬಿತ್ತು.

ಖಾಲಿ ಬಿದ್ದ ಐದನೆಯ ದಿನಕ್ಕೆ ಕಡ್ಡಿ ಎರಡು ಹಿಟ್ಟಿನ ಡಬ್ಬಗಳ ಮೇಲೆ ಮರದ ಪಟ್ಟಿಯೊಂದನ್ನು ಅಡ್ಡ ಇಟ್ಟಳು. ನೆಟ್ ಆಯಿತು. ಆಡಲು ಜೊತೆ ಬೇಕಲ್ಲ? ಅಜ್ಜನಿಗೆ ಮಂಡಿನೋವು. ಬಸ್ ಓಡಿಸುವ ಅಪ್ಪ, ಬಸ್ಸು ನಿಂತ ದುಃಖಕ್ಕೆ ಹಗಲೆಲ್ಲ ಮಲಗಿರುತ್ತಿದ್ದ. ಉಳಿದವಳು ಅಜ್ಜಿ. ಅದುವರೆಗೆ ಅವಳು ಬೀಸಿ ಹೊಡೆದದ್ದೆಂದರೆ ಸೊಳ್ಳೆ, ಅಷ್ಟೇ. ಅಜ್ಜ ತರಕಾರಿ ಹೆಚ್ಚುವ ಹಳೆಯ ಮಣೆಯನ್ನು ಕೊಯ್ದು ಅವಳಿಗೊಂದು ಬ್ಯಾಟು ಮಾಡಿಕೊಟ್ಟ.

ಆರು ತಿಂಗಳಲ್ಲಿ ಅಜ್ಜಿ ಆ ಮೇಜನ್ನು ಬಾಯಿಪಾಠ ಮಾಡಿದಳು. ಚೆಂಡು ಸಂದಿಗೆ ಬಿದ್ದರೆ ಏಳುವುದಿಲ್ಲ, ಸತ್ತ ನೊಣದ ಹಾಗೆ ಬಿದ್ದಿರುತ್ತದೆ. ಸಂದಿನ ಅಂಚಿಗೆ ಬಿದ್ದರೆ ಎಡಕ್ಕೆ ಹಾರುತ್ತದೆ. ಅಜ್ಜಿ ಗುರಿಯಿಟ್ಟು ಅಲ್ಲಿಗೇ ಹೊಡೆಯುವುದನ್ನು ಕಲಿತಳು.

ರೋಗವೇನೋ ಹೋಯಿತು. ಆದರೆ ಬರುವಾಗ ಹೊತ್ತು ತಂದದ್ದನ್ನೆಲ್ಲ ವಾಪಸು ಒಯ್ಯಲಿಲ್ಲ. ಬಾಗಿಲ ಬಳಿಯ ಸೋಪು ಉಳಿಯಿತು. ಬಸ್ಸಿನಲ್ಲಿ ಅಪ್ಪನ ಸೀಟಿನ ಹಿಂದೆ ಹಾಕಿದ ಪ್ಲಾಸ್ಟಿಕ್ ಗೋಡೆ ಉಳಿಯಿತು. ಅಮ್ಮನ ಸ್ಟೂಲು ಉಳಿಯಿತು. ಮೇಜಿನ ಆಟವೂ ಉಳಿಯಿತು, ಒಂದು ಮನೆಯಲ್ಲಲ್ಲ, ಸಾವಿರ ಮನೆಗಳಲ್ಲಿ. ಆಟದ ಹಾಲ್‌ಗಳ ಬೀಗ ತೆಗೆದವರು ನೋಡುತ್ತಾರೆ, ಅಲ್ಲಿಗಿಂತ ಊಟದ ಮೇಜಿನ ಮೇಲೆ ಆಡುವವರೇ ಹೆಚ್ಚು! ಕ್ರೀಡಾಸಂಘದವರು ಕೂತು ಯೋಚಿಸಿ ಇದಕ್ಕೇ ಒಂದು ಪಂದ್ಯಾವಳಿ ಶುರುಮಾಡಿದರು. ಜನ ಅದಕ್ಕೆ ಮನೆಮೇಜು ಎಂದು ಹೆಸರಿಟ್ಟರು.

ಅದರ ನಿಯಮಗಳೂ ಆ ಕಾಲದಿಂದಲೇ ಬಂದವು. ಜೋಡಿ ಒಂದೇ ಮನೆಯವರಾಗಿರಬೇಕು, ಎರಡು ಬೇರೆ ತಲೆಮಾರಿನವರಾಗಿರಬೇಕು. ಒಂದು ಆಟ ಅವರ ಮೇಜಿನ ಮೇಲೆ, ಒಂದು ನಿಮ್ಮ ಮೇಜಿನ ಮೇಲೆ, ಇಪ್ಪತ್ತೊಂದು ಅಂಕಕ್ಕೆ; ಎರಡೂ ಸೇರಿಸಿ ಯಾರ ಅಂಕ ಹೆಚ್ಚೋ ಅವರೇ ಗೆದ್ದವರು. ಆಟದ ನಡುವೆ ಬದಿ ಬದಲಿಸುವಂತಿಲ್ಲ, ಕೈ ಕುಲುಕುವಂತಿಲ್ಲ, ಬ್ಯಾಟಿನಿಂದ ಮೇಜನ್ನು ಎರಡು ಸಲ ತಟ್ಟಿದರೆ ಅದೇ ನಮಸ್ಕಾರ. ಪ್ರೇಕ್ಷಕರೆಂದರೆ ಮನೆಯವರು ಮಾತ್ರ, ಆದರೆ ಅವರು ಎಷ್ಟು ಬೇಕಾದರೂ ಕೂಗಬಹುದು, ಏನು ಬೇಕಾದರೂ ಹೇಳಿಕೊಡಬಹುದು. ಕೊನೆಯದು, ಅದು ಮನೆಯವರು ಊಟ ಮಾಡುವ ಮೇಜೇ ಆಗಿರಬೇಕು. ಸೆಮಿಫೈನಲ್‌ಗೆ ಬಂದರೆ, ಪಂದ್ಯದ ದಿನ ಅಂಪೈರ್ ಎದುರಿಗೆ ಮನೆಮಂದಿಯೆಲ್ಲ ಅದರ ಮೇಲೆ ಊಟ ಮಾಡಿ ತೋರಿಸಬೇಕು.

ಕಡ್ಡಿ ನಿಯಮಗಳ ಕಾಗದ ಓದಿ ಮುಗಿಸುವಷ್ಟರಲ್ಲಿ ಅಪ್ಪ ಗಹಗಹಿಸಿ ನಕ್ಕ.

"ಊಟ ಮಾಡೋ ಮೇಜಂತೆ! ನಮ್ಮನೇಲಿ ಊಟ ಮಾಡೋ ಮೇಜು ಎಲ್ಲಿದೆ? ನಾನು ನೋಡೇ ಇಲ್ವಲ್ಲ!"

"ಅಪ್ಪಾ, ಒಂದು ದಿನ ಕೂತ್ಕೊಂಡ್ರೆ ಸಾಕು."

"ನಿನಗೆ ಒಂದು ದಿನ ಸಾಕು. ನನಗೆ?" ಅವನ ನಗು ನಿಂತಿತು. "ಬೆಳಗ್ಗೆಯಿಂದ ಸಂಜೆವರೆಗೆ ಆ ಪ್ಲಾಸ್ಟಿಕ್ ಮುಂದೆ ಒಬ್ಬನೇ ಕೂತಿರ್ತೀನಿ. ಹತ್ತೋರು ಇಳಿಯೋರು ಒಂದು ಮಾತಾಡಲ್ಲ. ಮನೆಗೆ ಬಂದ್ರೆ ಇಲ್ಲೂ ಗೋಡೆ ನೋಡ್ಕೊಂಡು ತಿನ್ನಬೇಕಾ? ಎಲ್ಲಿ ತಟ್ಟೆ ಇಡೋಕೆ ಹೋದ್ರೂ ಒಂದು ಚೆಂಡು ಬಂದು ಅನ್ನದೊಳಗೆ ಬೀಳುತ್ತೆ!"

"ಒಂದೇ ಸಲ ಬಿದ್ದಿದ್ದು ಕಣೋ," ಎಂದಳು ಅಜ್ಜಿ.

"ಮೂರು ಸಲ ಅಮ್ಮ. ಮೂರನೇ ಸಲ ನೀನೇ ಹೊಡೆದದ್ದು."

"ಒಳ್ಳೇ ಹೊಡೆತ ಅದು."

ಅಡುಗೆಮನೆಯ ಸ್ಟೂಲಿನಿಂದ ಅಮ್ಮ ಕೂಗಿ ಹೇಳಿದಳು, "ನನ್ನ ಸುದ್ದಿಗೆ ಬರಬೇಡಿ. ನನಗೆ ಇಲ್ಲೇ ಅಭ್ಯಾಸ ಆಗಿಹೋಗಿದೆ."

ಅಪ್ಪ ಬೆರಳೆತ್ತಿದ. "ಆಯ್ತು, ಕೇಳಿ ಎಲ್ರೂ. ಆಡಿ. ಗೆಲ್ಲೋವರೆಗೂ ಆಡಿ. ಸೋತ ದಿನ ಆ ಪಟ್ಟಿ, ಡಬ್ಬ ಎತ್ತಿ ಅಟ್ಟಕ್ಕೆ. ಆಮೇಲೆ ಮೇಜು ಊಟಕ್ಕೆ ಮಾತ್ರ. ಒಪ್ಪಿಗೇನಾ?"

"ಒಪ್ಪಿಗೆ!" ಎಂದಳು ಕಡ್ಡಿ. ಅವಳು ಸೋಲುವ ಯೋಚನೆಯನ್ನೇ ಮಾಡಿರಲಿಲ್ಲ.

ಮೊದಲ ಎರಡು ಸುತ್ತು ಹೂ ಎತ್ತಿದ ಹಾಗೆ ಗೆದ್ದರು. ಮನೆಗೆ ಬಂದ ಜೋಡಿಯನ್ನು ಅಜ್ಜಿ ಕಿಟಕಿಯ ಕಡೆ ನಿಲ್ಲಿಸಿ, ಚೆಂಡನ್ನು ಕಿರುಬೆರಳಗಲದ ಆ ಸಂದಿಗೆ ಇಳಿಸಿ ಇಳಿಸಿ ಅವರ ನೀರಿಳಿಸಿದಳು. ಸೋತ ಬೇಕರಿಯವನೊಬ್ಬ ಹೋಗುವಾಗ ಬಗ್ಗಿ ಸಂದಿನೊಳಗೆ ಇಣುಕಿ ನೋಡಿ, "ಒಳಗೆ ಯಾರಾದ್ರೂ ಕೂತಿದ್ದಾರೇನು?" ಎಂದು ಕೇಳಿಯೇ ಹೋದ.

ಮೂರನೆಯದು ಸೆಮಿಫೈನಲ್. ಎದುರಾಳಿಗಳು ಕ್ಷೌರದ ಅಂಗಡಿಯವನು ಮತ್ತು ಅವನ ಮಗಳು. ಮೊದಲ ಆಟ ಅವರ ಮನೆಯಲ್ಲಿ. ಹೋಗಿ ನೋಡಿದರೆ ಮೇಜು ದುಂಡಗಿದೆ! ಮೂಲೆಯೇ ಇಲ್ಲದ ಮೇಜಿನಲ್ಲಿ ಕಡ್ಡಿಯ ಹೊಡೆತಗಳೆಲ್ಲ ಗಾಳಿಗೆ ಹೋದವು. ಅಜ್ಜಿ ಹುಡುಕಿಯೇ ಹುಡುಕಿದಳು, ಒಂದು ಬಿರುಕಿಲ್ಲ. ಕತ್ತರಿ ಹಿಡಿದ ಕೈ ಕ್ಷೌರದವನದು, ಚೆಂಡನ್ನು ಕೂದಲೆಳೆಯ ಲೆಕ್ಕದಲ್ಲಿ ಕತ್ತರಿಸಿ ಇಡುತ್ತಿದ್ದ. ಇಪ್ಪತ್ತೊಂದಕ್ಕೆ ಹದಿನೈದರಲ್ಲಿ ಅಜ್ಜಿ ಮೊಮ್ಮಗಳು ಸೋತರು.

ವಾಪಸು ಬರುವಾಗ ಕಡ್ಡಿ ದಾರಿಯುದ್ದಕ್ಕೂ ಬೆರಳು ಮಡಚಿದಳು. "ಅಜ್ಜಿ, ಆರು ಅಂಕ ಹಿಂದಿದ್ದೀವಿ. ನಮ್ಮನೇಲಿ ಏಳು ಅಂಕದಲ್ಲಿ ಗೆಲ್ಲಬೇಕು. ಸಮ ಆದ್ರೆ ಮೊದಲ ಆಟ ಗೆದ್ದೋರಿಗೇ ಫೈನಲ್. ಅಂದ್ರೆ ಅವರಿಗೆ ಹದಿನಾಲ್ಕರ ಮೇಲೆ ಒಂದೂ ಕೊಡಬಾರದು."

"ಕೊಡೋದು ಬೇಡ ಬಿಡು. ಸಂದು ಇದೆಯಲ್ಲ."

ಪಂದ್ಯಕ್ಕೆ ಇನ್ನು ಮೂರು ದಿನ. ಬೆಳಗ್ಗೆ ಅಜ್ಜಿ, ಮೊಮ್ಮಗಳು ಹೊಸ ಚೆಂಡು ತರಲು ಹೋಗಿ ಎರಡು ಗಂಟೆ ಬಿಟ್ಟು ಬಂದರು. ನಡುಕೋಣೆಯಲ್ಲಿ ಅಜ್ಜ ತೋಳು ಮಡಚಿಕೊಂಡು, ಮದುವೆಗಂಡಿನ ಹಾಗೆ ನಗುತ್ತ ನಿಂತಿದ್ದ. ಮೂಗಿಗೆ ಮೇಣದ ವಾಸನೆ ಬಡಿಯಿತು.

"ಬಾರೇ ಇಲ್ಲಿ. ಕಣ್ಣು ಮುಚ್ಕೊಂಡು ಕೈ ಸವರು ನೋಡೋಣ. ಜೋಡಿಸಿದ್ದು ಎಲ್ಲಿ ಅಂತ ಹೇಳು!"

ಅಜ್ಜಿ ಕಣ್ಣು ಮುಚ್ಚಲಿಲ್ಲ. ಅವಳ ಕಣ್ಣು ಇನ್ನಷ್ಟು ಅಗಲವಾಯಿತು. ಸಂದು ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಮೇಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಏನ್ರೀ ಮಾಡಿದ್ರಿ?"

"ಮೇಣ ಕಾಯಿಸಿ, ಮರದ ಹೊಟ್ಟು ಬೆರೆಸಿ ತುಂಬಿದೆ. ಉಜ್ಜಿ ಉಜ್ಜಿ ಹೊಳಪು ಕೊಟ್ಟೆ. ಸೆಮಿಫೈನಲ್ ಅಂತೀರಾ, ಅಂಪೈರ್ ಬರ್ತಾರೆ ಅಂತೀರಾ. ಬಡಗಿ ಮನೆ ಮೇಜು ಹಲ್ಲು ಕಿರಿದುಕೊಂಡು ಕೂತಿದ್ರೆ ನನ್ನ ಮರ್ಯಾದೆ ಏನಾಗಬೇಕು?"

"ತಾತಾ!" ಕಡ್ಡಿಯ ಕೈಯಿಂದ ಚೆಂಡುಗಳು ಉದುರಿ ನೆಲದ ತುಂಬ ಟಿಣಿಟಿಣಿ ಹಾರಿದವು. "ಅದೇ ನಮ್ಮ ಆಟ! ಆ ಸಂದೇ ನಮ್ಮ ಆಟ!"

"ಬಿರುಕಿನಲ್ಲಿ ಏನಮ್ಮ ಆಟ?" ಅಜ್ಜನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪಂದ್ಯ ನಡೆಯುವಾಗೆಲ್ಲ ಅವನು ಕೂತದ್ದು ಬಾಗಿಲ ಬಳಿಯ ಕುರ್ಚಿಯಲ್ಲಿ, ಕನ್ನಡಕವಿಲ್ಲದೆ. ತನ್ನ ಹೆಂಡತಿ ಗೆಲ್ಲುತ್ತಿರುವುದು ತಾನು ಕೊಯ್ದುಕೊಟ್ಟ ಬ್ಯಾಟಿನಿಂದ ಎಂದೇ ಅವನು ನಂಬಿದ್ದ.

"ಕೆರೆದು ತೆಗೀರಿ," ಎಂದಳು ಅಜ್ಜಿ. "ಈಗಲೇ. ಉಳಿ ತಗೊಳ್ಳಿ."

ಅಜ್ಜ ಮುಖ ಸಣ್ಣದು ಮಾಡಿಕೊಂಡು ಉಳಿ ಹುಡುಕಲು ಹೊರಟ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅಳತೆ ಪಟ್ಟಿ ಹಿಡಿದು ಅಂಪೈರಮ್ಮ ಬಂದೇಬಿಟ್ಟಳು. ಮೇಜಿನ ಉದ್ದ ಬರೆದಳು, ಅಗಲ ಬರೆದಳು, ನಾಲ್ಕು ಕಡೆಯಿಂದ ಫೋಟೋ ತೆಗೆದಳು. "ಎಷ್ಟು ನುಣುಪಾಗಿದೆ! ಇನ್ನು ಪಂದ್ಯ ಮುಗಿಯೋವರೆಗೆ ಉಳಿ, ಚಾಕು, ಸುತ್ತಿಗೆ ಏನೂ ಮುಟ್ಟಿಸೋ ಹಾಗಿಲ್ಲ. ಆಡಬಹುದು, ಊಟ ಮಾಡಬಹುದು, ಒರೆಸಬಹುದು, ಅಷ್ಟೇ," ಎಂದು ಹೇಳಿ ಹೊರಟುಹೋದಳು.

ಅಂದು ಸಂಜೆ ಆ ಮನೆಯಲ್ಲಿ ಎದ್ದ ಗಲಾಟೆ ಎದುರು ಮನೆಯವರಿಗೆ ಪದ ಪದ ಕೇಳಿಸಿತು. ಅಜ್ಜಿ ಅಜ್ಜನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಿದ್ದೇನೆಂದು ತಿಳಿಸಲು ನಾಲ್ಕು ಸಲ ಮಾತಾಡಿದಳು. ಕಡ್ಡಿ ಅನ್ನದ ತಟ್ಟೆ ಮುಟ್ಟಲಿಲ್ಲ. ಅಪ್ಪ ಅಟ್ಟದ ಕಡೆ ನೋಡಿ ಸುಮ್ಮನೆ ಮೀಸೆ ತಿರುವಿಕೊಂಡ.

ಅಮ್ಮ ಮಾತ್ರ ಸ್ಟೂಲಿನಿಂದ ಎದ್ದು ಬಂದು, ತಟ್ಟೆ ಕೈಯಲ್ಲೇ ಹಿಡಿದು, ಮೇಜಿನ ಮೇಲೆ ಉಗುರಾಡಿಸಿದಳು. "ಮಾವ, ಇದು ಬರೀ ಮೇಣಾನಾ? ಅಂಟು ಗಿಂಟು ಹಾಕಿದ್ದೀರಾ?"

"ಬರೀ ಮೇಣ, ಹೊಟ್ಟು. ಯಾಕಮ್ಮ?"

"ಸುಮ್ನೆ ಕೇಳಿದೆ," ಎಂದು ಅವಳು ಸ್ಟೂಲಿಗೆ ವಾಪಸಾದಳು.

ಮೂರು ದಿನ ಆಡಿದ್ದೇ ಆಡಿದ್ದು. ಚೆಂಡು ಸಂದಿದ್ದ ಜಾಗಕ್ಕೆ ಬಿದ್ದರೆ ಎಲ್ಲ ಕಡೆಯ ಹಾಗೆಯೇ ಚಂಗನೆ ಏಳುತ್ತಿತ್ತು. ಅಜ್ಜಿ ಅಭ್ಯಾಸಬಲದಿಂದ ಬಗ್ಗುವಳು, ಚೆಂಡು ತಲೆಯ ಮೇಲಿಂದ ಹೋಗುವುದು. ಸಂದಿಲ್ಲದ ಮೇಜಿನಲ್ಲಿ ಅಜ್ಜಿ ಬರೀ ಅಜ್ಜಿಯಾಗಿಬಿಟ್ಟಳು.

ಪಂದ್ಯದ ದಿನ ರಜೆ. ಕ್ಷೌರದವನು ಹೊಸ ಅಂಗಿ ತೊಟ್ಟು ಮಗಳ ಜೊತೆ ಬಂದ. ಅಂಪೈರಮ್ಮ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದಳು. "ಊಟ ಆಗಲಿ. ಮನೆಯವರು ಐದು ಜನ ಅಂತ ಬರ್ಕೊಂಡಿದ್ದೀನಿ. ಐದು ಜನಾನೂ ಕೂರಬೇಕು."

ಪಟ್ಟಿ, ಡಬ್ಬ ಕೆಳಗಿಳಿದವು. ತಟ್ಟೆಗಳು ಬಂದವು. ಅಪ್ಪ ಸಂಭ್ರಮದಿಂದ ಕುರ್ಚಿ ಎಳೆಎಳೆದು ಹಾಕಿದ. "ನೀವ್ಯಾಕೆ ನಿಂತಿದ್ದೀರಿ? ಬನ್ನಿ ಬನ್ನಿ, ಸೋಲೋಕೆ ಮುಂಚೆ ಊಟ ಮಾಡಿ!" ಎಂದು ಕ್ಷೌರದವನನ್ನೂ ಅವನ ಮಗಳನ್ನೂ ಕೂರಿಸಿದ. ಯಾರು ಗೆದ್ದರೂ ತನಗೆ ಲಾಭವೇ ಎನ್ನುವ ಹಾಗಿತ್ತು ಅವನ ಮುಖ.

ಅಮ್ಮ ಅಡುಗೆಮನೆಯಿಂದ ಬಂದಳು. ಎರಡು ಕೈಯಲ್ಲೂ ಬಟ್ಟೆ ಸುತ್ತಿ ಹಿಡಿದ ದೊಡ್ಡ ಪಾತ್ರೆ. ಒಳಗೆ ಬೇಳೆ ಇನ್ನೂ ಕೊತಕೊತ ಕುದಿಯುತ್ತಿತ್ತು. ನೇರವಾಗಿ ಕಿಟಕಿಯ ಕಡೆಗೆ ನಡೆದು, ಸಂದಿದ್ದ ಜಾಗದ ಮೇಲೆ ಪಾತ್ರೆಯನ್ನು ಕುಕ್ಕಿದಳು.

ಅಜ್ಜ ಕುರ್ಚಿಯಿಂದ ಅರ್ಧ ಎದ್ದ. "ಅಯ್ಯೋ! ಕೆಳಗೆ ಏನಾದ್ರೂ ಇಡಮ್ಮ! ಮೇಣ ಅದು, ಮೇಣ!"

"ಇಡೋಕೆ ಕೈಗೆ ಏನೂ ಸಿಗಲಿಲ್ಲ ಮಾವ. ಕೂತ್ಕೊಳ್ಳಿ, ಆರಿಹೋಗುತ್ತೆ," ಎಂದು ಅಮ್ಮ ನೀಲಿ ಅಂಚಿನ ತಟ್ಟೆಯನ್ನು ಆ ಪಾತ್ರೆಯ ಪಕ್ಕದಲ್ಲೇ ಇಟ್ಟು ಕೂತಳು. ಕೂತು, ಅತ್ತೆಯ ಮುಖ ನೋಡಿದಳು. ಅಜ್ಜಿಯ ಕಣ್ಣು ಪಾತ್ರೆಯ ತಳಕ್ಕೆ ಹೋಯಿತು.

ಯಾರಿಗೂ ಆತುರವಿರಲಿಲ್ಲ. ಅಮ್ಮ ಎರಡನೆಯ ಸಲ ಬಡಿಸಿದಳು. ಬಡಿಸಲು ಪಾತ್ರೆಯನ್ನು ಒಂದು ಗೇಣು ಈಚೆ ಸರಿಸಿದಳು, ಆಮೇಲೆ ಇನ್ನೊಂದು ಗೇಣು. ಅಡುಗೆಮನೆಗೆ ಹೋಗಿ ಮತ್ತೆ ಬಿಸಿ ಮಾಡಿಕೊಂಡು ಬಂದು ಮತ್ತೆ ಇಟ್ಟಳು. ಮೇಜಿನ ಕೆಳಗೆ ಕಡ್ಡಿಯ ಪಾದದ ಮೇಲೆ ಬಿಸಿಯಾಗಿ ಏನೋ ತೊಟ್ಟಿಕ್ಕಿತು. ಅವಳು ಬಗ್ಗಿ ನೋಡಿದಳು. ಮೇಣ! ಎದ್ದು ಕುಣಿಯದೆ ಕೂತಿರಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು.

ಊಟ ಮುಗಿಯಿತು. ಅಮ್ಮ ಪಾತ್ರೆ ಎತ್ತಿ ಒದ್ದೆ ಬಟ್ಟೆಯಿಂದ ಒಂದೇ ಒರೆಸು ಒರೆಸಿದಳು. ಪಟ್ಟಿಯ ಜಾಗದಿಂದ ಕಿಟಕಿಯ ತುದಿಯವರೆಗೆ ಹಳೆಯ ಸಂದು ಬಾಯಿ ತೆರೆದು ನಿಂತಿತ್ತು.

"ಆಸ್ಪತ್ರೆ ಬಟ್ಟೆಗೆ ಮೇಣ ಅಂಟಿದ್ರೆ ಬಿಸಿ ಇಸ್ತ್ರಿ ಇಡ್ತೀವಿ," ಎಂದಳು ಅಮ್ಮ, ಯಾರಿಗೂ ಅಲ್ಲ ಎನ್ನುವ ಹಾಗೆ.

ಎಲ್ಲರೂ ಅಂಪೈರಮ್ಮನ ಕಡೆ ತಿರುಗಿದರು. ಅವಳು ಬಗ್ಗಿ ಸಂದು ನೋಡಿದಳು, ಪಾತ್ರೆಯ ತಳ ನೋಡಿದಳು. "ಬಿಸಿ ಪಾತ್ರೆ ಇಡೋದು ಊಟದ ಮೇಜಿನ ಮೇಲೇ ತಾನೇ? ಉಳಿ ಮುಟ್ಟಿಸಿಲ್ಲ, ಚಾಕು ಮುಟ್ಟಿಸಿಲ್ಲ. ಎದುರಾಳಿಗಳಿಗೆ ತಕರಾರಿದೆಯಾ?"

ಕ್ಷೌರದವನು ಕೈ ಒರೆಸಿಕೊಳ್ಳುತ್ತ ನಕ್ಕ. "ನಮ್ಮ ಮೇಜು ದುಂಡಗಿದೆ ಅಂತ ಅಜ್ಜಿ ತಕರಾರು ಮಾಡಿದ್ರಾ? ಬೇಳೆ ಚೆನ್ನಾಗಿತ್ತು. ಆಡೋಣ ಬನ್ನಿ."

ಅಜ್ಜ ಮಾತ್ರ, ಈ ಸಲ ಕನ್ನಡಕ ಹಾಕಿಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲಿ ಮುದುಡಿ ಕೂತ. "ಅಷ್ಟು ಉಜ್ಜಿದ್ದೆ," ಎಂದು ಗೊಣಗಿದ.

ಪಟ್ಟಿ, ಡಬ್ಬ ಮತ್ತೆ ಮೇಜೇರಿದವು, ಎಂದಿನಂತೆ ಬಂದವರು ಕಿಟಕಿಯ ಕಡೆ ನಿಂತರು, ಬ್ಯಾಟುಗಳು ಎರಡೆರಡು ಸಲ ಮೇಜು ತಟ್ಟಿದವು. ಶುರುವಾಯಿತು.

ಅಜ್ಜಿ ಮತ್ತೆ ಅಜ್ಜಿಯಾದಳು! ಮೊದಲ ಚೆಂಡೇ ಸಂದಿಗೆ. ಸತ್ತಿತು. ಎರಡನೆಯದು ಅಂಚಿಗೆ. ಎಡಕ್ಕೆ ಹಾರಿತು. ಕಡ್ಡಿ ಎರಡೂ ಮೂಲೆಗಳಿಗೆ ಚಾಟಿ ಬೀಸಿದ ಹಾಗೆ ಹೊಡೆದಳು. ಐದಕ್ಕೆ ಒಂದು. ಒಂಬತ್ತಕ್ಕೆ ನಾಲ್ಕು. ಅಪ್ಪ ಕುರ್ಚಿ ಬಿಟ್ಟೆದ್ದ. "ಹಾಗೆ ಹೊಡಿ ಅಮ್ಮ! ಇನ್ನೊಂದು!" ಎಂದು ತನ್ನ ಪಣವನ್ನೇ ಮರೆತು ಅರಚಿದ. ಅಮ್ಮ ತೊಳೆಯಲು ಒಯ್ಯುತ್ತಿದ್ದ ತಟ್ಟೆಗಳನ್ನು ಕೈಯಲ್ಲಿ ಹಿಡಿದವಳು ಹಿಡಿದ ಹಾಗೆಯೇ ನಿಂತಳು.

ಕ್ಷೌರದವನು ದಡ್ಡನಲ್ಲ. ಹದಿಮೂರಕ್ಕೆ ಆರು ಆದಾಗ ಅವನು ಸಂದಿನಿಂದ ದೂರ ನಿಲ್ಲುವುದನ್ನು ಬಿಟ್ಟು, ಅದರ ಮೇಲೆಯೇ ಬ್ಯಾಟು ಒಡ್ಡತೊಡಗಿದ. ಚೆಂಡು ಸಾಯುವ ಮುಂಚೆಯೇ ಎತ್ತಿಕೊಳ್ಳುತ್ತಿದ್ದ. ಹದಿಮೂರಕ್ಕೆ ಹತ್ತು. ಹದಿನಾರಕ್ಕೆ ಹನ್ನೆರಡು. ಹದಿನೆಂಟಕ್ಕೆ ಹದಿನಾಲ್ಕು!

"ಇನ್ನು ಒಂದು ಕೊಟ್ರೆ ಮುಗೀತು ಅಜ್ಜಿ," ಎಂದಳು ಕಡ್ಡಿ. ಉಸಿರು ಹತ್ತಿತ್ತು.

"ಮಾತಾಡಬೇಡ, ಹೊಡಿ."

ಹತ್ತೊಂಬತ್ತು. ಚೆಂಡು ಪಟ್ಟಿಯ ಮೇಲೆ ಒಂದು ಹೆಜ್ಜೆ ನಡೆದು ಆಚೆ ಬಿತ್ತು, ಇಪ್ಪತ್ತು! ಅಪ್ಪ ಎರಡು ಕೈಯಿಂದಲೂ ತಲೆ ಹಿಡಿದುಕೊಂಡ. ಇಪ್ಪತ್ತಕ್ಕೆ ಹದಿನಾಲ್ಕು. ಮುಂದಿನ ಅಂಕ ಯಾರಿಗೋ ಫೈನಲ್ ಅವರಿಗೆ.

ಕಡ್ಡಿ ಚೆಂಡು ಎಸೆದು ಹೊಡೆದಳು. ಕ್ಷೌರದವನ ಮಗಳು ವಾಪಸು ಕಳಿಸಿದಳು. ಅಜ್ಜಿ ಸಂದಿಗೆ ಇಳಿಸಿದಳು. ಅಲ್ಲೇ ಕಾದಿದ್ದ ಕ್ಷೌರದವನು ಎತ್ತಿದ. ಕಡ್ಡಿ ಮೂಲೆಗೆ ಹೊಡೆದಳು. ಹುಡುಗಿ ಹಾರಿ ಹೋಗಿ ಮುಟ್ಟಿದಳು, ಮುಟ್ಟುವಾಗ ಅವಳ ಕಣ್ಣು ಮಿನುಗಿದ್ದನ್ನು ಎಲ್ಲರೂ ಕಂಡರು. ಅಜ್ಜಿಯ ವಿದ್ಯೆಯನ್ನು ಅಜ್ಜಿಗೇ ಹಿಂದಿರುಗಿಸಿದ್ದಳು! ಚೆಂಡು ಗೋಡೆಯ ಕಡೆಯ ಅರ್ಧದಲ್ಲಿ, ಜೋಡಿಸಿದ ಜಾಗದ ನಟ್ಟನಡುವಿಗೆ ಇಳಿಯುತ್ತಿತ್ತು. ಇಷ್ಟು ವರ್ಷದ ಅಭ್ಯಾಸ, ಅಜ್ಜಿಯ ಮಂಡಿ ತಾನಾಗಿಯೇ ಬಗ್ಗಿತು.

"ಏಳುತ್ತೆ ಕಣೇ!" ಬಾಗಿಲ ಬಳಿಯಿಂದ ಅಜ್ಜ ಗಂಟಲು ಹರಿಯುವ ಹಾಗೆ ಕೂಗಿದ. "ಬಗ್ಗಬೇಡ! ಆ ಕಡೆ ಕರಗಿಲ್ಲ, ಅದು ನನ್ನ ಕೆಲಸ, ಏಳುತ್ತೆ!"

ಮೂರು ದಿನದಿಂದ ತಾನು ಮಾತು ಬಿಟ್ಟಿದ್ದ ಗಂಡನ ಮಾತನ್ನು ಅಜ್ಜಿ ಆ ಕ್ಷಣ ನಂಬಿದಳು. ಬಗ್ಗಿದ್ದ ಮಂಡಿಯನ್ನು ನೆಟ್ಟಗೆ ಮಾಡಿದಳು. ಚೆಂಡು ಮೇಣದ ಮೇಲೆ ಬಿತ್ತು. ಕನ್ನಡಿಯ ಮೇಲೆ ಬಿದ್ದ ಹಾಗೆ, ಎದೆಯಷ್ಟೆತ್ತರಕ್ಕೆ, ಚಂಗನೆ ಎದ್ದಿತು. ಅಜ್ಜಿ ತರಕಾರಿ ಮಣೆಯನ್ನು ಬೀಸಿದಳು.

ಚೆಂಡು ಕಿಟಕಿಯ ಕಡೆಯ ಅಂಚು ಸವರಿ, ಕ್ಷೌರದವನ ಹೊಸ ಅಂಗಿಯ ಜೇಬಿಗೆ ಬಡಿದು, ನೆಲಕ್ಕೆ ಬಿತ್ತು.

"ಇಪ್ಪತ್ತೊಂದು!" ಎಂದಳು ಅಂಪೈರಮ್ಮ. ಯಾರಿಗೂ ಕೇಳಿಸಲಿಲ್ಲ. ಅಪ್ಪ ತನ್ನ ತಾಯಿಯನ್ನು ನೆಲದಿಂದ ಎತ್ತಿಬಿಟ್ಟಿದ್ದ. ಕಡ್ಡಿ ಅಜ್ಜನ ಕುರ್ಚಿಯ ಸುತ್ತ ಓಡುತ್ತಿದ್ದಳು. ಅಮ್ಮನ ಕೈಯ ತಟ್ಟೆಗಳು ತಾಳ ಹಾಕುತ್ತಿದ್ದವು. ಕ್ಷೌರದವನು ಬ್ಯಾಟಿನಿಂದ ಮೇಜನ್ನು ಎರಡು ಸಲ ತಟ್ಟಿ, ಯೋಚಿಸಿ, ಮೂರನೆಯ ಸಲವೂ ತಟ್ಟಿದ. "ಅಜ್ಜಾ, ಇದೇ ಮೇಣ ನಮ್ಮನೆ ಬಾಗಿಲಿಗೂ ಹಾಕಿಕೊಡ್ತೀರಾ?" ಎಂದು ಕೇಳಿದ. ಅಜ್ಜ ಅಂದು ಮೊದಲ ಸಲ ನೆಟ್ಟಗೆ ಕೂತ.

ಸಂಜೆ ಅಪ್ಪ ತಟ್ಟೆ ಹಿಡಿದುಕೊಂಡು ಬಂದು, ಪಟ್ಟಿ ಡಬ್ಬಗಳು ಇನ್ನೂ ಇದ್ದ ಮೇಜನ್ನು ನೋಡಿದ.

"ಗೆದ್ರಲ್ಲ, ಇನ್ನೇನು? ನಾನು ಹೊಸ್ತಿಲಿಗೇ ಹೋಗ್ತೀನಿ."

"ಎಲ್ಲಿಗೆ ಹೋಗ್ತೀರಿ? ಕೂತ್ಕೊಳ್ಳಿ," ಎಂದಳು ಅಮ್ಮ. ಅವಳ ನೀಲಿ ಅಂಚಿನ ತಟ್ಟೆ ಆಗಲೇ ಕಿಟಕಿಯ ಕಡೆ ಇತ್ತು. "ಪಟ್ಟಿ ಇದ್ರೆ ಇರ್ಲಿ. ಈ ಕಡೆ ಇಬ್ಬರು, ಆ ಕಡೆ ಮೂವರು. ಅತ್ತೆ, ಉಪ್ಪು ಕೊಡಿ ಈ ಕಡೆ."

ಅಜ್ಜಿ ಪಟ್ಟಿಯ ಮೇಲಿಂದ ಉಪ್ಪಿನ ಬಟ್ಟಲು ದಾಟಿಸಿದಳು.

ಅಜ್ಜ ಗೋಡೆಯ ಕಡೆ ಉಳಿದಿದ್ದ ಮೇಣದ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಕೇಳಿದ, "ಫೈನಲ್‌ಗೆ ಮುಂಚೆ ಇದನ್ನೂ ಕೆರೆದು ತೆಗೀಲೇನೇ?"

"ಮುಟ್ಟಿ ನೋಡಿ, ಕೈ ಮುರೀತೀನಿ," ಎಂದು ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.